ಅಪ್‌ಡೇಟ್: ನಳಿಕೆಯ ಉದ್ದ ಮತ್ತು ಗುರಿಯ ನಿಖರತೆ

ರೈಫಲ್‌ನ ನಳಿಕೆ ಉದ್ದವಾದಷ್ಟೂ ದೂರದ ಗುರಿ ನಿಖರವಾಗುತ್ತದೆಯೇ, ಅಭ್ಯಾಸಕ್ಕೆ 20 ಇಂಚಿನ ನಳಿಕೆಯದನ್ನು ಬಿಟ್ಟು 26 ಇಂಚಿನದನ್ನು ಹಿಡಿಯಬೇಕೇ ಎಂದು ಕಳೆದ ತಿಂಗಳು ಇಲ್ಲಿ ಕೇಳಿದ್ದೆ. ಉದ್ದ ಕೋವಿಯೇ ಒಳ್ಳೆಯ ಕೋವಿ ಎಂಬ ಮಾತನ್ನು ಸಕಲೇಶಪುರದ ಕಾಫಿ ತೋಟಗಳ ನಡುವೆ ಕೇಳುತ್ತಲೇ ಬೆಳೆದವನಾದ್ದರಿಂದ, ಉದ್ದದಿಂದ ಸಿಗುವುದು ವೇಗವೇ ಹೊರತು ನಿಖರತೆಯಲ್ಲ ಎಂಬ ನಿಮ್ಮ ಉತ್ತರವನ್ನು ಒಪ್ಪಲು ನನಗೆ ಕಷ್ಟವಾಗಿತ್ತು.

ಹಾಸನದಲ್ಲಿ ತರಬೇತುದಾರರ ಎದುರು ಎರಡೂ .22 (ಸುಮಾರು 0.22 ಇಂಚು ವ್ಯಾಸದ ಸಣ್ಣ ಗುಂಡಿನ) ರೈಫಲ್‌ಗಳಿಂದ 50 ಮೀಟರ್ ದೂರಕ್ಕೆ ಹೊಡೆದು ನೋಡಿದೆ. ಗಿಡ್ಡ, ದಪ್ಪ ನಳಿಕೆಯ ಗುಂಡುಗಳೇ ಹೆಚ್ಚು ಒತ್ತಾಗಿ ಬಿದ್ದವು. .22 ತೋಟಾದಲ್ಲಿ ಮದ್ದು ಕಡಿಮೆ; ಸಾಮಾನ್ಯವಾಗಿ 16ರಿಂದ 20 ಇಂಚಿನೊಳಗೇ ಗುಂಡು ಗರಿಷ್ಠ ವೇಗವನ್ನು ಮುಟ್ಟುತ್ತದೆ, ಆಮೇಲಿನ ಉದ್ದದಲ್ಲಿ ಘರ್ಷಣೆಯೇ ಹೆಚ್ಚು. ಒಂದೇ ದಪ್ಪದ ನಳಿಕೆಗಳಲ್ಲಿ ಗಿಡ್ಡದ್ದು ಹೆಚ್ಚು ಬಿಗುವಾಗಿರುವುದರಿಂದ ಕಂಪನವೂ ಕಡಿಮೆ.

ನಿಜವಾದ ದೋಷ ಸಿಕ್ಕಿದ್ದು ಬೇರೆಡೆ. ತರಬೇತುದಾರರು ಉದ್ದ ನಳಿಕೆಯ ಬಾಯಿಯಂಚಿನ (ಗುಂಡು ಹೊರಬರುವ ತುದಿಯ) ಸುತ್ತ ಹತ್ತಿಯನ್ನು ಮೆಲ್ಲನೆ ಆಡಿಸಿದಾಗ, ಒಂದು ಕಡೆ ಎಳೆಗಳು ಸಿಕ್ಕಿಕೊಂಡವು. ಕಣ್ಣಿಗೆ ಕಾಣದಷ್ಟು ಸಣ್ಣ ಆ ಮುಕ್ಕಿನಿಂದ ಅನಿಲ ಒಂದು ಬದಿಗೆ ಮೊದಲು ಹೊರನುಗ್ಗಿ ಗುಂಡನ್ನು ಓರೆಯಾಗಿಸುತ್ತದೆ.

.308ರಂತಹ ಹೆಚ್ಚು ಮದ್ದಿನ ದೊಡ್ಡ ತೋಟಾಗಳಲ್ಲಿ, 800 ಮೀಟರ್ ಆಚೆಗೆ, ಉದ್ದದಿಂದ ಸಿಗುವ ವೇಗಕ್ಕೆ ಖಂಡಿತ ಬೆಲೆಯಿದೆ: ಗುಂಡು ಶಬ್ದದ ವೇಗಕ್ಕಿಂತ ಕೆಳಗಿಳಿಯುವುದು ತಡವಾಗುತ್ತದೆ, ಗಾಳಿ ಅದನ್ನು ತಳ್ಳುವುದೂ ಕಡಿಮೆ. ನನ್ನ ಅಭ್ಯಾಸ 50 ಮೀಟರಿನದು. ಆದ್ದರಿಂದ 20 ಇಂಚಿನದರಲ್ಲೇ ಮುಂದುವರಿಯುತ್ತಿದ್ದೇನೆ. ಇನ್ನೊಂದರ ಬಾಯಿಯಂಚನ್ನು ಪರವಾನಗಿಯುಳ್ಳ ಕುಶಲಕರ್ಮಿಯೊಬ್ಬರು ಹೊಸದಾಗಿ ಕಡೆಯುತ್ತಿದ್ದಾರೆ.