ಕಿವಿ ಸೋರುತ್ತೆ ಅಂತ ಖೊ-ಖೊ ಬಿಡಬೇಕಾ? ಕಿವಿ ಡಾಕ್ಟರಿಗೆ ಕೇಳಿದ್ದು

ವಿದ್ಯಾರ್ಥಿ, ಗೌರಿಬಿದನೂರು: ನಮಸ್ತೆ ಡಾಕ್ಟರ್. ನಾನು ಸೆಕೆಂಡ್ ಪಿಯು, ಸೈನ್ಸ್. ಚಿಕ್ಕವನಿದ್ದಾಗಿಂದ ಎಡಗಿವಿ ಸೋರುತ್ತದೆ. ನೆಗಡಿ ಆದರೆ ಶುರು, ಡ್ರಾಪ್ಸ್ ಹಾಕಿದರೆ ನಿಲ್ಲುತ್ತದೆ, ಮತ್ತೆ ನೆಗಡಿ, ಮತ್ತೆ ಅದೇ ಕಥೆ. ನೋವಿಲ್ಲ, ವಾಸನೆ ಇಲ್ಲ, ಲೋಳೆ ತರ ಬರುತ್ತದೆ. ಕಾಲೇಜ್ ಟೀಮಿನಲ್ಲಿ ಖೊ-ಖೊ ಆಡುತ್ತೇನೆ, ರಜೆ ಇದ್ದರೆ ಗೆಳೆಯರ ಜೊತೆ ಕೃಷಿ ಹೊಂಡದಲ್ಲಿ ಈಜು. ಬೆನ್ನು ಮುಟ್ಟಿ ಖೋ ಕೊಟ್ಟರೆ ಮುಟ್ಟಿದ್ದು ಗೊತ್ತಾಗುತ್ತದೆ, ಆದರೆ ಎಡಗಡೆಯಿಂದ ಕೂಗಿದ್ದು ಕೇಳಿಸೋದೇ ಇಲ್ಲ, ಹಾಗಾಗಿ ಏಳೋದು ತಡ ಆಗುತ್ತದೆ. ಅಮ್ಮ ಆಟ ಬಿಡು ಅಂತಾರೆ. ಅಪ್ಪ ಪರೀಕ್ಷೆ ಮುಗಿಯೋವರೆಗೂ ಆಸ್ಪತ್ರೆ ಮಾತೇ ಬೇಡ ಅಂತಾರೆ. ಇನ್ನೊಂದು, ನಮ್ಮೂರ ಹತ್ತಿರದ ರೇಡಿಯೋ ಟೆಲಿಸ್ಕೋಪ್ ನೋಡಿದ ಮೇಲೆ ಅದೇ ಓದಬೇಕು ಅಂತ ಆಸೆ. ಕಿವುಡನಿಗೆ ರೇಡಿಯೋ ಯಾಕೆ ಅಂತ ಗೆಳೆಯರು ರೇಗಿಸುತ್ತಾರೆ. ಯಾವುದನ್ನ ಬಿಡಲಿ?

ಡಾಕ್ಟರ್: ಕೊನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ, ಅದು ಸುಲಭ. ಆ ಟೆಲಿಸ್ಕೋಪಿಗೂ ಕಿವಿಗೂ ಸಂಬಂಧವೇ ಇಲ್ಲ. ನಿಮ್ಮೂರ ಹತ್ತಿರ ಇರುವ ಹಳೆಯದು 34.5 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವಂತೆ ಕಟ್ಟಿದ್ದು, ಅಂದರೆ ಅಲೆಯ ಉದ್ದ ಸುಮಾರು 8.7 ಮೀಟರ್. ನಮ್ಮ ಕಿವಿ ಎಷ್ಟೇ ಚೆನ್ನಾಗಿದ್ದರೂ 20 ಸಾವಿರ ಹರ್ಟ್ಸ್ ದಾಟಿದರೆ ಕೇಳಿಸಲ್ಲ, ಅದೂ ಗಾಳಿಯ ಅಲೆ. ರೇಡಿಯೋ ಅಲೆ ಬೇರೆ ಜಾತಿಯದ್ದು. ಅಲ್ಲಿ ಕೆಲಸ ಮಾಡೋರು ಕೇಳಿಸಿಕೊಳ್ಳುತ್ತಾ ಕೂರಲ್ಲ, ಕಂಪ್ಯೂಟರಿನಲ್ಲಿ ಅಂಕಿ ನೋಡುತ್ತಾರೆ. ಗೆಳೆಯರಿಗೆ ಫಿಸಿಕ್ಸ್ ಪುಸ್ತಕ ಇನ್ನೊಂದು ಸಲ ತಿರುವಿ ಹಾಕೋಕೆ ಹೇಳಿ.

ಈಗ ಕಿವಿ. ಒಳಗೆ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ನೀವು ಹೇಳಿದ್ದು ಕಿವಿಯ ತಮಟೆಯಲ್ಲಿ, ಅಂದರೆ ಇಯರ್ ಡ್ರಮ್ಮಿನಲ್ಲಿ, ತೂತು ಇರುವವರ ಕಥೆ. ತಮಟೆ ಸುಮ್ನೆ ಒಂದು ಪರದೆ ಅಲ್ಲ. ಅದರ ವಿಸ್ತಾರ ಒಳಕಿವಿಯ ಕಿಂಡಿಗಿಂತ ಸುಮಾರು 17 ಪಟ್ಟು ದೊಡ್ಡದು, ದೊಡ್ಡ ಜಾಗದ ಬಲವೆಲ್ಲ ಚಿಕ್ಕ ಜಾಗಕ್ಕೆ ಬಿದ್ದಾಗ ಒತ್ತಡ ಏರುತ್ತದೆ, ಮಧ್ಯದ ಮೂರು ಮೂಳೆ ಸನ್ನೆಕೋಲಿನ ಕೆಲಸ ಮಾಡಿ ಇನ್ನೊಂದಿಷ್ಟು ಸೇರಿಸುತ್ತವೆ. ತೂತು ಬಿದ್ದರೆ ಈ ಲಾಭ ಕಮ್ಮಿ ಆಗುತ್ತದೆ. ಖೋ ಕೇಳಿಸದೇ ಇರೋದಕ್ಕೆ ಇದೇ ಕಾರಣ ಇರಬಹುದು. ಡ್ರಾಪ್ಸ್ ಸೋಂಕು ಒಣಗಿಸುತ್ತದೆ ಅಷ್ಟೆ. ಇಷ್ಟು ವರ್ಷದ ತೂತು ಡ್ರಾಪ್ಸಿಗೆ ಮುಚ್ಚಲ್ಲ, ಅದಕ್ಕೆ ಆಪರೇಷನ್ ಬೇಕಾಗುತ್ತದೆ.

ಖೊ-ಖೊ ಆಡಿ. ಓಟದಿಂದ, ಬೆವರಿನಿಂದ ಈ ಕಿವಿಗೆ ಏನೂ ಆಗಲ್ಲ. ಅಮ್ಮನಿಗೆ ನನ್ನ ಹೆಸರು ಹೇಳಿಯೇ ಹೇಳಿ.

ಹೊಂಡದ ಈಜು ಮಾತ್ರ ಇವತ್ತಿನಿಂದ ಬಂದ್. ಕೊಳಕು ನೀರು ಒಂದು ಕಾರಣ. ಅದಕ್ಕಿಂತ ದೊಡ್ಡದು ತಲೆಸುತ್ತು. ತಣ್ಣೀರು ತೂತಿನಿಂದ ಒಳಗೆ ಹೋದರೆ ಸಮತೋಲ ಕಾಯುವ ನಾಳದ ದ್ರವ ಒಂದು ಕಡೆ ತಣ್ಣಗಾಗಿ ಕೆಳಗಿಳಿದು ಅಲ್ಲಾಡುತ್ತದೆ, ಮೆದುಳಿಗೆ ತಲೆ ತಿರುಗುತ್ತಿದೆ ಅನ್ನೋ ಸುಳ್ಳು ಸುದ್ದಿ ಹೋಗುತ್ತದೆ. ರೋಗಿಗಳ ಕಿವಿ ತೊಳೆಯುವಾಗ ಇದನ್ನ ಗಮನಿಸಿ ಕೆಲಸ ಮಾಡಿದ ರಾಬರ್ಟ್ ಬರಾನಿಗೆ 1914ರ ನೊಬೆಲ್ ಸಿಕ್ಕಿತು. (ಸೈನ್ಸ್ ಹುಡುಗ ಅಂತ ಹೇಳುತ್ತಿದ್ದೇನೆ: 1983ರಲ್ಲಿ ಬಾಹ್ಯಾಕಾಶದಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ತೂಕವೇ ಇಲ್ಲದ ಕಡೆ ತಣ್ಣನೆಯದು ಕೆಳಗಿಳಿಯೋ ಪ್ರಶ್ನೆ ಇಲ್ಲ ಅಲ್ವಾ, ಆದರೂ ಈ ತಲೆಸುತ್ತಿನ ಗುರುತಾದ ಕಣ್ಣಿನ ಅದುರು ಕಂಡಿತು. ಹಾಗಾಗಿ ಬರಾನಿಯ ವಿವರಣೆ ಪೂರ್ತಿ ಅಲ್ಲ.) ಕ್ಲಿನಿಕ್ ಕುರ್ಚಿಯಲ್ಲಿ ತಲೆ ಸುತ್ತಿದರೆ ವಾಂತಿ ಬರುತ್ತದೆ. ಪ್ಲಾಸ್ಟಿಕ್ ಶೀಟ್ ಹಾಸಿದ, ದಂಡೆ ಜಾರುವ ಹೊಂಡದಲ್ಲಿ ಸುತ್ತಿದರೆ ಮೇಲೆ ಬರೋಕಾಗಲ್ಲ.

ಸ್ನಾನಕ್ಕೆ ಹತ್ತಿಗೆ ವ್ಯಾಸಲಿನ್ ಸವರಿ ಕಿವಿಯ ಬಾಯಿಗೆ ಇಡಿ, ಆಮೇಲೆ ತೆಗೆಯಿರಿ. ಬರೀ ಹತ್ತಿ ಇಟ್ಟರೆ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ನೀರನ್ನ ಒಳಗೆ ಎಳೆಯುತ್ತದೆ.

ಸದಸ್ಯೆ, ಚಿಂತಾಮಣಿ: ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಎರಡು ತೊಟ್ಟು ಬಿಟ್ಟರೆ ಸಾಕು, ನಮ್ಮ ಮನೇಲಿ ಎಲ್ಲರಿಗೂ ಅದೇ. ಇದಕ್ಕೆಲ್ಲ ಆಪರೇಷನ್ ಯಾಕೆ?

ಡಾಕ್ಟರ್: ನಿಮ್ಮ ಮನೆಯವರ ತಮಟೆ ಗಟ್ಟಿ ಇತ್ತು ಮೇಡಂ, ಎಣ್ಣೆ ಹೊರಗೇ ನಿಂತಿತು. ತೂತು ಇದ್ದರೆ ನೇರ ಮಧ್ಯಕಿವಿಗೆ ಹೋಗುತ್ತದೆ. ಮನೆಯಲ್ಲಿ ಉಳಿದ ಹಳೇ ಡ್ರಾಪ್ಸ್ ಕೂಡ ಹಾಕಬೇಡಿ. ಜೆಂಟಮೈಸಿನ್, ನಿಯೋಮೈಸಿನ್ ಇರುವಂಥವು ತೂತಿನ ಕಿವಿಯಲ್ಲಿ ಒಳಕಿವಿಯ ಸೂಕ್ಷ್ಮ ಕೋಶಗಳಿಗೇ ಪೆಟ್ಟು ಕೊಡಬಲ್ಲವು.

ಪಿಇ ಮೇಷ್ಟ್ರು, ಶಿಡ್ಲಘಟ್ಟ: ಸರ್, ನಮ್ಮ ಹುಡುಗನಿಗೆ ಕಬಡ್ಡಿಯಲ್ಲಿ ಅಂಗೈ ಏಟು ಕಿವಿಗೆ ಬಿತ್ತು, ತೂತು ಆಗಿದೆ ಅಂದರು. ಇವನಿಗೂ ಆಪರೇಷನ್ನಾ?

ಡಾಕ್ಟರ್: ಅವನದು ಬೇರೆ. ಏಟಿನ ಹೊಸ ತೂತು ಹೆಚ್ಚಿನವರಲ್ಲಿ ಎರಡು ಮೂರು ತಿಂಗಳಲ್ಲಿ ತಾನೇ ಕೂಡುತ್ತದೆ. ನೀರು ಬೇಡ, ಸುಮ್ಮನೆ ಡ್ರಾಪ್ಸ್ ಬೇಡ, ಜೋರಾಗಿ ಸಿಂಬಳ ತೆಗೆಯುವುದು ಬೇಡ. ಕಿವಿ ಎಷ್ಟು ಕೇಳುತ್ತದೆ ಅಂತ ಅಳೆಯುವ ಆಡಿಯೋಗ್ರಾಂ ಮಾಡಿಸಿ ಇಟ್ಟುಕೊಳ್ಳಿ.

ವಿದ್ಯಾರ್ಥಿ: ಸರ್, ಆಪರೇಷನ್ ಯಾವಾಗ? ಸಿಇಟಿ ಇದೆ. ಕ್ಲಾಸಿನಲ್ಲಿ ಏನು ಮಾಡಲಿ? ಇಯರ್‌ಫೋನಿನಲ್ಲಿ ಪಾಠ ಕೇಳುತ್ತೇನೆ.

ಡಾಕ್ಟರ್: ಅಪ್ಪನ ಮಾತು ಅರ್ಧ ಸರಿ. ಆಪರೇಷನ್ ಕಾಯಬಹುದು, ಪರೀಕ್ಷೆ ಕಾಯಬಾರದು. ನಾನು ಹೇಳಿದ್ದು ಕಿವಿ ಪರೀಕ್ಷೆ! ಕಿವಿಯ ಮೇಲಿನ ಸ್ನಾಯುವಿನ ತೆಳು ಪೊರೆ ತೆಗೆದು ತೂತಿಗೆ ತೇಪೆ ಹಾಕುತ್ತಾರೆ, ಬಹುತೇಕರಲ್ಲಿ ಕೂಡುತ್ತದೆ, ಎಲ್ಲರಲ್ಲೂ ಅಲ್ಲ. ಕಿವಿ ಕೆಲವು ವಾರ ಒಣಗಿರುವಾಗ ಮಾಡಿದರೆ ಒಳ್ಳೆಯದು. ಸಿಇಟಿ ಮುಗಿದ ಮೇಲಿನ ಬೇಸಿಗೆ ಸರಿಯಾದ ಸಮಯ. ಆಮೇಲೆ ಸುಮಾರು ಒಂದೂವರೆ ತಿಂಗಳು ಆಟ ಇಲ್ಲ, ಭಾರ ಎತ್ತೋದಿಲ್ಲ, ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಕ್ಲಾಸಿನಲ್ಲಿ ಮುಂದಿನ ಬೆಂಚು, ಅದೂ ಎಡಗಡೆಯ ತುದಿ. ಬಲಗಿವಿ ಮೇಷ್ಟ್ರ ಕಡೆಗೆ ಇರುತ್ತದೆ. ಖೊ-ಖೊದಲ್ಲೂ ಜೊತೆಯವರಿಗೆ ಹೇಳಿ, ಜೋರಾಗಿ ಕೂಗಲಿ, ನಾಚಿಕೆ ಯಾಕೆ? ಸೋರುವ ಕಿವಿಗೆ ಇಯರ್‌ಫೋನ್ ತುರುಕಬೇಡಿ, ತೇವ ಒಳಗೇ ನಿಲ್ಲುತ್ತದೆ. ಸ್ಪೀಕರ್ ಹಾಕಿ.

ಒಂದು ಮಾತ್ರ ಮರೆಯಬೇಡಿ. ಸೋರುವುದು ಕೆಟ್ಟ ವಾಸನೆ ಬರಲು ಶುರುವಾದರೆ, ರಕ್ತ ಬಂದರೆ, ತಲೆ ಸುತ್ತಿದರೆ, ಜ್ವರದ ಜೊತೆ ತಲೆನೋವು ಬಂದರೆ, ಬಾಯಿ ಒಂದು ಕಡೆ ಸೊಟ್ಟ ಆದರೆ, ಪರೀಕ್ಷೆ ನಾಳೆ ಇದ್ದರೂ ಅವತ್ತೇ ಬನ್ನಿ. ಅದು ಮೂಳೆ ತಿನ್ನುವ ಜಾತಿಯ ಕಿವಿ ರೋಗ ಇರಬಹುದು.

ವಿದ್ಯಾರ್ಥಿ: ಸರಿ ಸರ್. ಸೋಮವಾರ ಅಪ್ಪನ ಜೊತೆ ಜಿಲ್ಲಾಸ್ಪತ್ರೆಗೆ ಹೋಗುತ್ತೇನೆ. ಡ್ರಾಪ್ಸ್ ಹಾಕಿಕೊಂಡು ಹೋಗಲಾ?

ಡಾಕ್ಟರ್: ಬೇಡ, ಹಾಗೇ ಹೋಗಿ. ಸೋರುತ್ತಿದ್ದರೆ ಅವರು ಅದನ್ನೇ ನೋಡಬೇಕು. ಇಲ್ಲಿಯವರೆಗೆ ಹಾಕಿದ ಡ್ರಾಪ್ಸಿನ ಬಾಟಲಿಗಳನ್ನೆಲ್ಲ ಕವರಿನಲ್ಲಿ ಹಾಕಿಕೊಂಡು ಹೋಗಿ.