ರಿಕ್ರೂಟರ್‌ಗೆ ಸಿವಿ ಕಳಿಸೋ ಮೊದಲು

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದಲ್ಲಿ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿಯ ಎರಡನೇ ವರ್ಷ ಮುಗಿಸುತ್ತಿದ್ದೇನೆ. ತರಬೇತಿಗೆ ಬಂದವರಿಗೆ ಕೊಡುವ ಜೆ-1 ವೀಸಾ. ಮುಂದಿನ ಜೂನ್‌ಗೆ ಟ್ರೇನಿಂಗ್ ಮುಗಿಯುತ್ತದೆ, ಹಾಸ್ಪಿಟಲಿಸ್ಟ್ (ಆಸ್ಪತ್ರೆಯಲ್ಲಿ ದಾಖಲಾದ ರೋಗಿಗಳನ್ನು ನೋಡುವ ಡಾಕ್ಟರ್) ಕೆಲಸ ಹುಡುಕಬೇಕು. ಒಂದು ಜಾಬ್ ಸೈಟ್‌ನಲ್ಲಿ ಹೆಸರು ಹಾಕಿದ್ದೇ ತಡ, ದಿನಕ್ಕೆ ಆಸ್ಪತ್ರೆಗಳಿಗೆ ಡಾಕ್ಟರನ್ನು ಹುಡುಕಿಕೊಡುವ ಏಳೆಂಟು ರಿಕ್ರೂಟರ್‌ಗಳ ಕರೆ. ರೌಂಡ್ಸ್ ಮಧ್ಯೆಯೂ ಜೇಬಿನಲ್ಲಿ ಫೋನ್ ಗುಂಯ್‌ಗುಡುತ್ತಿರುತ್ತದೆ. ಎಲ್ಲರದೂ ಒಂದೇ ಮಾತು: "ಸಿವಿ ಕಳಿಸಿ ಡಾಕ್ಟರ್, ಮಿಕ್ಕಿದ್ದು ನಾನು ನೋಡ್ಕೋತೀನಿ." ನಾಲ್ಕೈದು ಜನಕ್ಕೆ ಕಳಿಸಿಯೂ ಆಯ್ತು. ಜಾಸ್ತಿ ಜನಕ್ಕೆ ಕೊಟ್ಟಷ್ಟೂ ಒಳ್ಳೇದು ಅಲ್ವಾ? ಇವರಿಗೆ ನಾನೇನಾದರೂ ದುಡ್ಡು ಕೊಡಬೇಕಾ? ಇದೇ ಕೆಲಸದಲ್ಲಿರುವವರು ದಯವಿಟ್ಟು ಹೇಳಿ.

ಉತ್ತರ:
ನಮಸ್ಕಾರ ಡಾಕ್ಟ್ರೇ. ನಾನು ಆರು ವರ್ಷ ಏಜೆನ್ಸಿಯಲ್ಲಿ ರಿಕ್ರೂಟರ್ ಆಗಿದ್ದೆ. ಈಗ ಒಂದು ಆಸ್ಪತ್ರೆಯ ಸಂಬಳದ ಮೇಲೆ ಅದೇ ಕೆಲಸ.

ದುಡ್ಡಿನ ಪ್ರಶ್ನೆ ಸುಲಭ. ನೀವು ಒಂದು ಡಾಲರೂ ಕೊಡಬೇಕಾಗಿಲ್ಲ. ಯಾರಾದರೂ ಕೇಳಿದರೆ ಫೋನ್ ಇಟ್ಟುಬಿಡಿ. ಏಜೆನ್ಸಿಯ ಫೀಸು ಆಸ್ಪತ್ರೆ ಕೊಡುತ್ತದೆ. ಆದರೆ ಇದರಲ್ಲೇ ಇನ್ನೊಂದು ಮಾತೂ ಇದೆ. ದುಡ್ಡು ಕೊಡುವವರು ಅವರಾದ ಮೇಲೆ ರಿಕ್ರೂಟರ್ ಅವರ ಕಡೆಯ ಮನುಷ್ಯ. ಎಷ್ಟೇ ಆತ್ಮೀಯವಾಗಿ ಮಾತಾಡಲಿ, ನಿಮ್ಮ ಏಜೆಂಟ್ ಅಲ್ಲ. ಕೆಟ್ಟವರು ಅಂತ ಹೇಳುತ್ತಿಲ್ಲ, ನಾನೂ ಅವರಲ್ಲೊಬ್ಬ.

ಇನ್ನು ಸಿವಿ. ಸಿಕ್ಕಸಿಕ್ಕವರಿಗೆ ಹಂಚಬೇಡಿ. ನಿಮಗೆ ಕರೆ ಮಾಡುತ್ತಿರುವವರಲ್ಲಿ ಬಹಳ ಮಂದಿ ಕಂಟಿಂಜೆನ್ಸಿ ಏಜೆನ್ಸಿಯವರು. ನೀವು ಕೆಲಸಕ್ಕೆ ಸೇರಿದರೆ ಮಾತ್ರ ಅವರಿಗೆ ಫೀಸು. ಹಾಗಾಗಿ ನಿಮ್ಮ ಸಿವಿಯನ್ನು ಆಸ್ಪತ್ರೆಗೆ ಯಾರು ಮೊದಲು ಮುಟ್ಟಿಸಿದರು ಅನ್ನೋದೇ ಅವರ ಪಾಲಿನ ಓಟದ ಪಂದ್ಯ. ರಿಟೇನ್ಡ್ ಏಜೆನ್ಸಿಗೆ ಆಸ್ಪತ್ರೆ ಮುಂಗಡ ಕೊಟ್ಟು ಒಪ್ಪಿಸಿರುತ್ತದೆ, ಅಲ್ಲಿ ಈ ಧಾವಂತ ಕಡಿಮೆ. ನನ್ನಂಥ ಆಸ್ಪತ್ರೆಯ ಒಳಗಿನವರಿಗೆ ಫೀಸಿನ ಗೊಡವೆಯೇ ಇಲ್ಲ.

ಒಂದು ಸಲ ಏನಾಯ್ತು ಅಂದರೆ, ಸೋಮವಾರ ಬೆಳಿಗ್ಗೆ ಮೇಲ್ ತೆಗೆದೆ. ಒಬ್ಬರೇ ಡಾಕ್ಟರ ಸಿವಿ ಎರಡು ಏಜೆನ್ಸಿಗಳಿಂದ ಬಂದು ಕೂತಿದೆ. ಒಂದರಲ್ಲಿ ಫೋನ್ ನಂಬರು, ಇಮೇಲ್ ಅಳಿಸಿ ಮೇಲೆ ಏಜೆನ್ಸಿಯ ಲೋಗೋ. ಜೊತೆಗೆ ಆ ಡಾಕ್ಟರೇ ನಮ್ಮ ವೆಬ್‌ಸೈಟ್‌ನಲ್ಲಿ ನೇರವಾಗಿ ಅರ್ಜಿಯನ್ನೂ ಹಾಕಿದ್ದರು. ಶುಕ್ರವಾರ ಸಂಜೆ ನಾವೇ ಮೊದಲು ಕಳಿಸಿದ್ದು ಅಂತ ಒಂದು ಏಜೆನ್ಸಿ, ಡಾಕ್ಟರು ಒಪ್ಪಿದ್ದು ನಮಗೆ ಅಂತ ಇನ್ನೊಂದು. ಎರಡು ಫೀಸಿನ ಜಗಳ ಯಾರಿಗೆ ಬೇಕು ಅಂತ ಮೇಲಿನವರು ಆ ಹೆಸರನ್ನೇ ಬಿಟ್ಟರು. ತಮಗೆ ಕರೆ ಯಾಕೆ ಬರಲಿಲ್ಲ ಅಂತ ಪಾಪ ಆ ಡಾಕ್ಟರಿಗೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ.

ಹಾಗಾಗಿ ಸಿವಿ ಪಡೆದ ಎಲ್ಲರಿಗೂ ಇವತ್ತೇ ಎರಡು ಸಾಲು ಬರೆಯಿರಿ: "ಯಾವ ಆಸ್ಪತ್ರೆ, ಯಾವ ಊರು ಅಂತ ಮೊದಲು ತಿಳಿಸಿ. ನಾನು ಬರೆದು ಒಪ್ಪುವ ತನಕ ಎಲ್ಲಿಗೂ ಕಳಿಸಬೇಡಿ." ಇಲ್ಲಿಯ ತನಕ ಎಲ್ಲೆಲ್ಲಿ ಕಳಿಸಿದ್ದೀರಿ ಅಂತಲೂ ಕೇಳಿ. ತಾರೀಕು, ರಿಕ್ರೂಟರ್, ಆಸ್ಪತ್ರೆ ಮೂರನ್ನೂ ಒಂದು ಕಡೆ ಬರೆದಿಟ್ಟುಕೊಳ್ಳಿ. ಹುಟ್ಟಿದ ತಾರೀಕು, ಸೋಶಿಯಲ್ ಸೆಕ್ಯುರಿಟಿ ನಂಬರ್ ಸಿವಿಯಲ್ಲಿ ಇರಲೇಬಾರದು. (ಅಂದ ಹಾಗೆ, "ದೊಡ್ಡ ಸಿಟಿಗೆ ಒಂದೇ ಗಂಟೆ" ಅಂತ ಹೇಳಿದರೆ ಮ್ಯಾಪ್ ತೆಗೆದು ನೋಡಿ. ನಾನೂ ಅದನ್ನ ಬಹಳ ಸಲ ಹೇಳಿದವನೇ.)

ವೀಸಾ ವಿಷಯ ಮೊದಲ ಮಾತಿನಲ್ಲೇ ಹೇಳಿಬಿಡಿ. ನಿಮಗೆ ಬೇಕಿರೋದು ಜೆ-1 ವೇವರ್, ಅಂದರೆ ಊರಿಗೆ ವಾಪಸ್ ಹೋಗುವ ಷರತ್ತಿನಿಂದ ವಿನಾಯಿತಿ. ಇಲ್ಲದಿದ್ದರೆ ಎರಡು ವರ್ಷ ಊರಿಗೆ ಹೋಗಿ ಇರಬೇಕು. ಈ ವೇವರ್ ಕೊಡಿಸುವ, 1994ರಲ್ಲಿ ಶುರುವಾದ ಕಾನ್ರಾಡ್ ಕಾರ್ಯಕ್ರಮದಲ್ಲಿ ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 30 ಸ್ಥಾನ. ಅದರಲ್ಲಿ 10ನ್ನು ಮಾತ್ರ ಗುರುತಿಸಿದ ಕೊರತೆ ಪ್ರದೇಶದ ಹೊರಗೂ ಕೊಡಬಹುದು. ಮಿಕ್ಕವು ಡಾಕ್ಟರ ಕೊರತೆ ಇರುವ ಜಾಗಗಳಿಗೇ. ವಾರಕ್ಕೆ ಕನಿಷ್ಠ 40 ಗಂಟೆಯಂತೆ ಮೂರು ವರ್ಷ ಕೆಲಸ ಮಾಡಬೇಕು. "ವೀಸಾ ತೊಂದರೆ ಇಲ್ಲ" ಅಂತ ಸುಮ್ನೆ ಹೇಳೋರು ಜಾಸ್ತಿ. "ಈ ಆಸ್ಪತ್ರೆ ಹಿಂದೆ ಯಾರಿಗಾದರೂ ವೇವರ್ ಮಾಡಿಸಿದೆಯಾ? ವಕೀಲರು ಯಾರು?" ಅಂತ ಕೇಳಿ. ತಡವರಿಸಿದರೆ ನೇರ ಆಸ್ಪತ್ರೆಯ ರಿಕ್ರೂಟರನ್ನೇ ಹಿಡಿಯಿರಿ. ಈ ಸ್ಥಾನಗಳ ಲೆಕ್ಕ ಹಿಡಿಯುವ ಫೆಡರಲ್ ವರ್ಷ ಅಕ್ಟೋಬರ್ 1ಕ್ಕೆ ಶುರು. ಬೇಡಿಕೆ ಇರುವ ರಾಜ್ಯಗಳಲ್ಲಿ ಸ್ಥಾನ ಬೇಗ ತುಂಬುತ್ತದೆ. ಅಷ್ಟರೊಳಗೆ ಸಹಿ ಆದ ಕಾಂಟ್ರಾಕ್ಟ್ ಕೈಯಲ್ಲಿದ್ದರೆ ನೆಮ್ಮದಿ. ಅಂದರೆ ನೀವು ಬೇಗ ಶುರು ಮಾಡಿಲ್ಲ, ಸರಿಯಾದ ಹೊತ್ತಿಗೇ ಮಾಡಿದ್ದೀರಿ.

ಇನ್ನೊಬ್ಬರ ಪ್ರಶ್ನೆ:
ಸರ್, ಇದೇ ದಾರಿಯಲ್ಲಿ ಕೇಳ್ತೀನಿ. ನನಗೆ ವೀಸಾ ತಾಪತ್ರಯ ಇಲ್ಲ. ಆಫರ್ ಬಂದಿದೆ. ಕೆಲಸಕ್ಕೆ ಒಪ್ಪಿದ್ದಕ್ಕೆ ಕೊಡುವ ಸೈನ್-ಆನ್ ಬೋನಸ್ ಚೆನ್ನಾಗಿದೆ. ಆದರೆ ಶುಕ್ರವಾರದೊಳಗೆ ಸಹಿ ಬೇಕಂತೆ. "ಇದು ಸ್ಟ್ಯಾಂಡರ್ಡ್ ಕಾಂಟ್ರಾಕ್ಟ್, ಒಂದಕ್ಷರವೂ ಬದಲಾಗಲ್ಲ" ಅಂತಾರೆ ರಿಕ್ರೂಟರ್.

ಉತ್ತರ:
ಆ ಶುಕ್ರವಾರ ಬಹಳ ಸಲ ರಿಕ್ರೂಟರದ್ದು, ಆಸ್ಪತ್ರೆಯದ್ದಲ್ಲ. ವಕೀಲರಿಗೆ ತೋರಿಸಲು ಹತ್ತು ದಿನ ಬೇಕು ಅಂತ ಮೇಲ್ ಹಾಕಿ. ತಿಂಗಳುಗಟ್ಟಲೆ ಖಾಲಿ ಬಿದ್ದ ಜಾಗಕ್ಕೆ ಒಂದು ವಾರದಲ್ಲಿ ಏನೂ ಆಗಲ್ಲ.

ಸಂಬಳದ ಅಂಕಿಗಿಂತ ಮೊದಲು ಮಾಲ್‌ಪ್ರಾಕ್ಟಿಸ್ ಇನ್ಶೂರೆನ್ಸ್ (ಚಿಕಿತ್ಸೆಯಲ್ಲಿ ತಪ್ಪಾಯ್ತು ಅಂತ ಬರುವ ಕೇಸಿನ ವಿಮೆ) ಪುಟ ತೆಗೆಯಿರಿ. "ಕ್ಲೇಮ್ಸ್-ಮೇಡ್" ಅಂತ ಇದ್ದರೆ, ನೀವು ಕೆಲಸ ಬಿಟ್ಟ ಮೇಲೆ ಬರುವ ಕೇಸಿಗೆ ಆ ಪಾಲಿಸಿ ನಿಲ್ಲುವುದಿಲ್ಲ. ಅದಕ್ಕೆ ಬೇರೆಯಾಗಿ ಟೇಲ್ ಕವರೇಜ್ ಕೊಳ್ಳಬೇಕು. ವರ್ಷದ ಪ್ರೀಮಿಯಂನ ಎರಡು ಪಟ್ಟಿನ ಆಸುಪಾಸು ಆಗೋದು ಮಾಮೂಲು. ಅದನ್ನು ಯಾರು ಕೊಡುತ್ತಾರೆ ಅಂತ ಕಾಂಟ್ರಾಕ್ಟ್‌ನಲ್ಲೇ ಬರೆದಿರಬೇಕು.

ಬೋನಸ್‌ದು ಇನ್ನೊಂದು ಕಥೆ. ಕೈಗೆ ಬರೋದು ತೆರಿಗೆ ಕಳೆದು. ಅವಧಿಗೆ ಮೊದಲು ಬಿಟ್ಟರೆ ತೆರಿಗೆ ಸೇರಿಸಿ ಪೂರ್ತಿ ಮೊತ್ತ ವಾಪಸ್ ಕೇಳುವ ಕಾಂಟ್ರಾಕ್ಟ್‌ಗಳಿವೆ. ತಿಂಗಳು ತಿಂಗಳು ಕಡಿಮೆಯಾಗುತ್ತಾ ಬರುತ್ತದಾ, ಕೊನೇ ದಿನದ ತನಕ ಪೂರ್ತಿ ಸಾಲವಾಗೇ ಇರುತ್ತದಾ ನೋಡಿ.

ರಾತ್ರಿ ಪಾಳಿ ಇಲ್ಲ, ದಿನಕ್ಕೆ ಹದಿನೈದೇ ಪೇಶೆಂಟ್ ಅಂತೆಲ್ಲ ರಿಕ್ರೂಟರ್ ಬಾಯಲ್ಲಿ ಹೇಳಿರಬಹುದು. ಆದರೆ ಕಾಂಟ್ರಾಕ್ಟ್‌ನ ಕೊನೇ ಪುಟದ ಹತ್ತಿರ "ಇದರಲ್ಲಿ ಬರೆದದ್ದಷ್ಟೇ ಒಪ್ಪಂದ" ಅನ್ನೋ ಅರ್ಥದ ಒಂದು ಸಾಲು ಇರುತ್ತದೆ. ಅದರ ಮುಂದೆ ಬಾಯಿಮಾತು ನಿಲ್ಲಲ್ಲ. ಅಲ್ಲೇ ಕೆಲಸ ಮಾಡುತ್ತಿರುವ ಡಾಕ್ಟರೊಬ್ಬರ ಜೊತೆ, ಮುಖ್ಯಸ್ಥರು ಪಕ್ಕದಲ್ಲಿಲ್ಲದಾಗ, ಹತ್ತು ನಿಮಿಷ ಮಾತಾಡಿ. ಹಿಂದಿನವರು ಯಾಕೆ ಬಿಟ್ಟರು ಅಂತ ಕೇಳಿ.

ಮೊದಲ ಪ್ರಶ್ನೆ ಕೇಳಿದವರಿಂದ:
ಸರ್, ನೀವು ಹೇಳಿದ ಹಾಗೆ ಮೇಲ್ ಹಾಕಿದೆ. ಒಬ್ಬರು ಆಗಲೇ ಮೂರು ಆಸ್ಪತ್ರೆಗೆ ಕಳಿಸಿಬಿಟ್ಟಿದ್ದಾರೆ! ಅದರಲ್ಲಿ ಒಂದು ನಾನೇ ಅರ್ಜಿ ಹಾಕಬೇಕು ಅಂತಿದ್ದ ಜಾಗ.

ಉತ್ತರ:
ಹಾಗಾದರೆ ಸದ್ಯ ಅಲ್ಲಿಗೆ ನೀವೇ ಅರ್ಜಿ ಹಾಕಬೇಡಿ. ಯಾವ ತಾರೀಕು ಕಳಿಸಿದರು ಅಂತ ಬರೆಸಿಕೊಳ್ಳಿ. ಆಮೇಲೆ ಆಸ್ಪತ್ರೆಯ ರಿಕ್ರೂಟರ್‌ಗೆ ಫೋನ್ ಮಾಡಿ, "ನನ್ನನ್ನು ಕೇಳದೆ ಕಳಿಸಿದ್ದಾರೆ, ನಿಮ್ಮ ಲೆಕ್ಕದಲ್ಲಿ ನಾನು ಯಾರ ಕಡೆಯಿಂದ ಬಂದಿದ್ದೇನೆ?" ಅಂತ ನೇರ ಕೇಳಿ. ಅವರಿಗೆ ಇಂಥ ಕರೆ ಹೊಸದಲ್ಲ. ಏಜೆನ್ಸಿ ಮೂಲಕವೇ ಬನ್ನಿ ಅಂದರೆ ಹಾಗೇ ಹೋಗಿ, ಕೆಲಸ ಮುಖ್ಯ. ಮಿಕ್ಕ ಎರಡರಿಂದ ಹೆಸರು ವಾಪಸ್ ತೆಗೆಸಿ, ತೆಗೆದಿದ್ದೇವೆ ಅಂತ ಮೇಲ್ ಬರುವ ತನಕ ಬಿಡಬೇಡಿ.