ಬ್ಯಾಟರಿ ಗರಗಸ: ಐದೂಕಾಲು ಚಿಲ್ಲರೆಯೋ, ಆರೂವರೆಯೋ, ಏಳೂವರೆ ಇಂಚೋ?

ಪ್ರಶ್ನೆ, ಡೊಂಬಿವಲಿಯಿಂದ:

ನಮಸ್ಕಾರ ಆಚಾರ್ರೇ. ನಾನು ಕುಂದಾಪುರ ಕಡೆಯವನು. 11 ವರ್ಷದಿಂದ ಇಲ್ಲೇ ಫರ್ನಿಚರ್ ಕೆಲಸ. ಹೋದ ವರ್ಷದಿಂದ ಇಬ್ಬರು ಹುಡುಗರನ್ನು ಇಟ್ಟುಕೊಂಡು ಸ್ವಂತ ಸೈಟ್ ಹಿಡಿಯುತ್ತಿದ್ದೇನೆ. ಠಾಣೆ, ಮುಲುಂಡ್, ಘಾಟ್‌ಕೋಪರ್ ಕಡೆ ಫ್ಲ್ಯಾಟಿನ ಕೆಲಸವೇ ಜಾಸ್ತಿ. ವಾರ್ಡ್‌ರೋಬ್, ಕಿಚನ್, ಟಿವಿ ಯೂನಿಟ್, ಮಂಚ. ವರ್ಷಕ್ಕೆ ಐದಾರು ಬಾಗಿಲ ಚೌಕಟ್ಟೂ ಬರುತ್ತವೆ. ಇಲ್ಲಿವರೆಗೆ 4 ಇಂಚಿನ ಮಾರ್ಬಲ್ ಕಟರ್‌ಗೆ ಮರದ ಬ್ಲೇಡು ಹಾಕಿ ಪ್ಲೈ ಕೊಯ್ಯುತ್ತಿದ್ದೆ. ಈಗ ಬ್ಯಾಟರಿ ಸರ್ಕ್ಯುಲರ್ ಸಾ (ದುಂಡು ಬ್ಲೇಡಿನ ಗರಗಸ) ತಗೋಬೇಕು. ಮುಂಬೈಯ ನಾಗದೇವಿ ಸ್ಟ್ರೀಟಿನಲ್ಲಿ ಅಂಗಡಿಯವರು 136, 165, 190 ಎಂಎಂ ಅಂತ ಮೂರು ಸೈಜ್ ತೋರಿಸಿದರು. ದೊಡ್ಡದು ತಗೊಂಡರೆ ಎಲ್ಲಾ ಕೆಲಸಕ್ಕೂ ಆಗುತ್ತೆ ಅಂದರು. ಲೋಕಲ್ ಟ್ರೈನಿನಲ್ಲಿ ಹೊತ್ತುಕೊಂಡು ಓಡಾಡುವವನು ನಾನು. ಯಾವುದು ಸರಿ?

ಉತ್ತರ:

165 ತಗೊಳ್ಳಿ. ನಿಮ್ಮ ಕೆಲಸಕ್ಕೆ ಅದೇ ಸರಿ. ಯಾಕೆ ಅಂತ ಹೇಳುತ್ತೇನೆ, ಯಾಕಂದ್ರೆ ಕಾರಣ ಗೊತ್ತಿದ್ದರೆ ನಾಳೆ ಕೆಲಸ ಬದಲಾದಾಗ ನೀವೇ ಲೆಕ್ಕ ಹಾಕಬಹುದು.

ಡಬ್ಬಿಯ ಮೇಲೆ ಬರೆದಿರುವ 165 ದುಂಡು ಬ್ಲೇಡಿನ ವ್ಯಾಸ. ಅಷ್ಟು ಆಳ ಕೊಯ್ಯುತ್ತೆ ಅಂತ ಅಲ್ಲ. ಅದರ ಅರ್ಧ, ಅಂದರೆ 82 ಎಂಎಂ ಚಿಲ್ಲರೆ, ನಡುವಿನ ಬೋಲ್ಟಿನಿಂದ ಹಲ್ಲಿನ ತುದಿಗೆ. ಅದರಲ್ಲಿ 25 ಎಂಎಂನಷ್ಟು ಮೋಟಾರು, ಗೇರಿನ ಮನೆ ಮತ್ತು ತಳದ ತಗಡಿಗೇ ಹೋಗುತ್ತೆ. ಉಳಿಯೋದು 55ರಿಂದ 57. 190ರದ್ದರಲ್ಲಿ ಈ ಭಾಗ ಇನ್ನೂ ಸ್ವಲ್ಪ ದೊಡ್ಡದು, ಹಾಗಾಗಿ ಅದು 65ರಿಂದ 70ರ ಒಳಗೆ ಕೊಯ್ಯುತ್ತೆ. 136ರದ್ದು ಮಶೀನಿನಿಂದ ಮಶೀನಿಗೆ ಬದಲಾಗುತ್ತೆ, 45ರಿಂದ 50 ಅಂದುಕೊಳ್ಳಿ. ಅಂಗಡಿಯಲ್ಲಿ ಬ್ಲೇಡಿನ ಸೈಜ್ ಕೇಳಬೇಡಿ. 90 ಡಿಗ್ರಿಗೆ ಎಷ್ಟು ಆಳ, 45 ಡಿಗ್ರಿಗೆ ಎಷ್ಟು ಆಳ, ಈ ಎರಡನ್ನೇ ಕೇಳಿ.

ಈಗ ನಿಮ್ಮ ಸೈಟಿಗೆ ಬನ್ನಿ. ದಿನವೂ ಕೊಯ್ಯೋದು ಏನು? ಆರು ಸೂತ್ ಪ್ಲೈ, ಅಂದರೆ 18-19 ಎಂಎಂ. ಎರಡು ಹಾಳೆ ಜೋಡಿಸಿ ಒಟ್ಟಿಗೆ ಕೊಯ್ದರೂ 38. ಫ್ಲಶ್ ಡೋರ್ 30 ಇಲ್ಲವೇ 35. ಇದೆಲ್ಲ 165ಕ್ಕೆ ನೀರು ಕುಡಿದ ಹಾಗೆ. 45 ಡಿಗ್ರಿಗೆ ವಾಲಿಸಿದರೂ ಅದು 40ರ ಹತ್ತಿರ ಕೊಯ್ಯುತ್ತೆ, ಹಾಗಾಗಿ ಶೋಕೇಸಿನ ಮೂಲೆ ಜೋಡಣೆಗೂ ಚಿಂತೆ ಇಲ್ಲ. ನಿಮ್ಮ 4 ಇಂಚಿನ ಕಟರ್ ಇಷ್ಟು ದಿನ ಎಲ್ಲಿ ಸೋಲುತ್ತಿತ್ತು ನೆನಪಿಸಿಕೊಳ್ಳಿ. ಅದರ ಆಳ 34ರ ಆಸುಪಾಸು. 35ರ ಬಾಗಿಲ ಕೆಳಗೆ ಒಂದು ಕೂದಲೆಳೆಯಷ್ಟು ಉಳಿದುಬಿಡುತ್ತಿತ್ತು, ಆಮೇಲೆ ಕೈಗರಗಸ ಹುಡುಕಬೇಕು, ಅಲ್ವಾ?

ಸಿಕ್ಕಿಹಾಕಿಕೊಳ್ಳೋದು ಚೌಕಟ್ಟಿಗೆ ಮಾತ್ರ. ಇಲ್ಲಿ ಎರಡೂವರೆ ಇಂಚಿನ ಚೌಕಟ್ಟು ಅಂದರೆ 63.5 ಎಂಎಂ. 165ಕ್ಕೆ ಒಂದೇ ಸಲ ಆಗಲ್ಲ. 190ಕ್ಕೆ ಆಗುತ್ತೆ. ಆದರೆ ವರ್ಷಕ್ಕೆ ಐದಾರು ಚೌಕಟ್ಟಿಗೋಸ್ಕರ ದಿನಾ ಜಾಸ್ತಿ ತೂಕ ಹೊರೋದು ಬೇಡ. ಮೂಲೆಮಟ್ಟ ಇಟ್ಟು ನಾಲ್ಕೂ ಮುಖಕ್ಕೆ ಗೆರೆ ಎಳೆಯಿರಿ. ಒಂದು ಕಡೆಯಿಂದ ಕೊಯ್ದು, ಮಗುಚಿ, ಇನ್ನೊಂದು ಕಡೆಯಿಂದ ಕೊಯ್ಯಿರಿ. ಗೆರೆ ಸರಿಯಾಗಿದ್ದರೆ ಎರಡು ಕೊಯ್ತ ಒಂದಕ್ಕೊಂದು ಕೂಡುತ್ತವೆ. ಸ್ವಲ್ಪ ಏರುಪೇರಾದರೆ ಉಳಿಯಲ್ಲಿ ಒಂದು ಸಲ ಎಳೆದರೆ ಮುಗಿಯಿತು.

ತೂಕ ಸಣ್ಣ ವಿಷಯ ಅಂದುಕೊಳ್ಳಬೇಡಿ. ಬ್ಯಾಟರಿ ಸೇರಿ 165ರದ್ದೇ ಮೂರು ಕೇಜಿ ದಾಟುತ್ತೆ. ಬೆಳಗ್ಗೆ ಡೊಂಬಿವಲಿಯಲ್ಲಿ ಲಗೇಜ್ ಡಬ್ಬಕ್ಕೆ ಹತ್ತೋದು, ಇಳಿದು ರಿಕ್ಷಾ, ಸೊಸೈಟಿಯಲ್ಲಿ ಲಿಫ್ಟ್ ಕೊಡದಿದ್ದರೆ ಮೆಟ್ಟಿಲು. ಅದಕ್ಕಿಂತ ಮುಖ್ಯ, ಮಂಡಿಯೂರಿ ನೆಲದ ಮೇಲೆ 8 ಅಡಿ ಹಾಳೆ ಕೊಯ್ಯುವಾಗ ಕೊನೆಯ ಎರಡು ಅಡಿಗೆ ಕೈ ಚಾಚಬೇಕು. ಭಾರದ ಮಶೀನು ಅಲ್ಲೇ ಓಲಾಡುತ್ತೆ. ಗೆರೆ ಹಾಳಾಗೋದು ಯಾವಾಗಲೂ ಕೊನೆಯ ಎರಡು ಅಡಿಯಲ್ಲೇ.

ಹಾಗಾದರೆ 136 ಇನ್ನೂ ಹಗುರ, ಅದನ್ನೇ ತಗೊಂಡರೆ ಏನು ಅಂತ ನೀವು ಕೇಳಬಹುದು. ಬರೀ ಪ್ಲೈ ಕೊಯ್ಯೋದೇ ಆದರೆ ಅದೂ ಸಾಕು. ಆದರೆ ಅದರ ಬ್ಲೇಡು ಎಲ್ಲಾ ಅಂಗಡಿಯಲ್ಲೂ ಸಿಗಲ್ಲ. 165ರದ್ದು ಸುಲಭ. ನಡುವಿನ ತೂತು 20 ಎಂಎಂ ಇರೋದೇ ಹೆಚ್ಚು, ಆದರೂ ಹೊಸ ಬ್ಲೇಡು ತರುವಾಗ ಹಳೆಯದನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ.

ಪ್ರಶ್ನೆ, ಡೊಂಬಿವಲಿಯಿಂದಲೇ:

ತುಂಬಾ ಉಪಕಾರ ಆಯ್ತು. ಇನ್ನೊಂದು ಮಾತು. ಸನ್ಮೈಕ ಅಂಟಿಸಿದ ಬೋರ್ಡು ಕೊಯ್ದಾಗ ಅಂಚು ಚಕ್ಕೆ ಏಳುತ್ತೆ. ಅದಕ್ಕೆ ದೊಡ್ಡ ಬ್ಲೇಡು ಒಳ್ಳೆಯದಾ?

ಉತ್ತರ:

ಚಕ್ಕೆ ಏಳೋದಕ್ಕೂ ಸೈಜಿಗೂ ಸಂಬಂಧ ಕಮ್ಮಿ. ಹಲ್ಲು ಎಷ್ಟಿದೆ, ಯಾವ ಮುಖ ಮೇಲಿದೆ ಅನ್ನೋದರ ಮೇಲೆ ನಿಂತಿದೆ ಅದು.

ಮಶೀನಿನ ಜೊತೆ ಬರುವ ಬ್ಲೇಡಿಗೆ ಸಾಮಾನ್ಯವಾಗಿ 24 ಹಲ್ಲು. ಮರವನ್ನು ಉದ್ದಕ್ಕೆ ಸೀಳೋಕೆ ಅದು ಒಳ್ಳೆಯದು. ಪ್ಲೈಗೆ 40 ಹಲ್ಲು ಬೇಕು. ಸನ್ಮೈಕಕ್ಕೆ ಇನ್ನೂ ಜಾಸ್ತಿ ಇದ್ದರೆ ಚೆನ್ನ. ಹಲ್ಲು ಜಾಸ್ತಿ ಆದಷ್ಟು ನಿಧಾನ ತಳ್ಳಬೇಕು, ಇಲ್ಲವಾದರೆ ಮಶೀನು ತಿಣುಕುತ್ತೆ. ಆದರೆ ತೀರಾ ನಿಧಾನವಾಗಿ ಒಂದೇ ಕಡೆ ನಿಂತರೆ ಅಂಚು ಸುಟ್ಟು ಕಪ್ಪಾಗುತ್ತೆ.

ಮುಖದ ವಿಷಯ. ಈ ಗರಗಸದಲ್ಲಿ ಮರದೊಳಗೆ ಇಳಿದ ಹಲ್ಲು ಕೆಳಗಿನಿಂದ ಮೇಲಕ್ಕೆ ಏರುತ್ತೆ. ಮೇಲೆ ಬಂದು ಹೊರಗೆ ಹಾರುವಾಗ ಅಲ್ಲಿನ ಪದರವನ್ನು ಎಬ್ಬಿಸಿಕೊಂಡು ಹೋಗುತ್ತೆ. ಹಾಗಾಗಿ ಚೆಂದದ ಮುಖ ಕೆಳಗೆ, ಹಿಂಬದಿ ಮೇಲೆ. ಗೆರೆಯನ್ನೂ ಹಿಂಬದಿಗೇ ಎಳೆಯಿರಿ. ಎರಡೂ ಮುಖ ಕಾಣುವ ಕೆಲಸವಾದರೆ ನಾನು ಮಾಡೋದು ಹೀಗೆ: ಗೆರೆಯ ಮೇಲೆ ಮಾಸ್ಕಿಂಗ್ ಟೇಪ್ ಒತ್ತಿ ಅಂಟಿಸುತ್ತೇನೆ, ಉಕ್ಕಿನ ಪಟ್ಟಿ ಇಟ್ಟು ಕಟರ್ ಚಾಕುವಿನಿಂದ ಎರಡು ಮೂರು ಸಲ ಗೀರುತ್ತೇನೆ, ಆಮೇಲೆ ಗೀರಿನ ಹೊರಗೆ ಕೊಯ್ಯುತ್ತೇನೆ. ಬ್ಲೇಡು ಹಾಳೆಯ ಕೆಳಗೆ ಒಂದು ಹಲ್ಲಿನಷ್ಟು ಮಾತ್ರ ಇಣುಕಬೇಕು. ಪೂರ್ತಿ ಇಳಿಸಿ ಕೊಯ್ಯೋ ಅಭ್ಯಾಸ ಬಿಟ್ಟುಬಿಡಿ.

8 ಅಡಿ ನೇರ ಬರೋಕೆ ದುಡ್ಡಿನ ಟ್ರ್ಯಾಕ್ ಬೇಕಾಗಿಲ್ಲ. 6 ಎಂಎಂ ಪ್ಲೈಯ 8 ಅಡಿ ಪಟ್ಟಿ ತಗೊಳ್ಳಿ, ಅಗಲ ಒಂದು ಅಡಿ. ಅದರ ಮೇಲೆ ನೇರ ಅಂಚಿನ 12 ಎಂಎಂ ಪಟ್ಟಿ ಅಂಟಿಸಿ ಸ್ಕ್ರೂ ಹಾಕಿ. ಮಶೀನಿನ ತಳವನ್ನು ಆ ಪಟ್ಟಿಗೆ ಒತ್ತಿ ಒಂದು ಸಲ ಉದ್ದಕ್ಕೂ ಓಡಿಸಿ. 6 ಎಂಎಂನ ಹೆಚ್ಚುವರಿ ಭಾಗ ಕತ್ತರಿಸಿ ಬೀಳುತ್ತೆ. ಉಳಿದ ಅಂಚು ಇದೆಯಲ್ಲ, ನಿಮ್ಮ ಬ್ಲೇಡು ಹಾಯುವ ಜಾಗ ಅದೇ. ಇನ್ನು ಮುಂದೆ ಆ ಅಂಚನ್ನು ಗೆರೆಗೆ ಕೂರಿಸಿ, ಎರಡು ಕ್ಲ್ಯಾಂಪ್ ಬಿಗಿದು ಓಡಿಸಿದರೆ ಸಾಕು, ಅಳತೆ ಕೂಡಿ ಕಳೆಯುವ ಗೊಡವೆ ಇಲ್ಲ. ಆ ಅಂಚೇ ಮೇಲಿನ ಪದರವನ್ನು ಒತ್ತಿ ಹಿಡಿಯೋದರಿಂದ ಚಕ್ಕೆಯೂ ಕಮ್ಮಿ. ಬ್ಲೇಡಿನ ದಪ್ಪ ಬದಲಾದರೆ ಪಟ್ಟಿ ಹೊಸದು ಮಾಡಿಕೊಳ್ಳಬೇಕು, ಅಷ್ಟೇ.

ಪ್ರಶ್ನೆ, ಪುಣೆಯ ಕಾತ್ರಜ್‌ನಿಂದ:

ಅಣ್ಣಾ, ನನ್ನ ಹತ್ತಿರ 165ರದ್ದೇ ಇದೆ. 18 ವೋಲ್ಟ್, 2 ಎಎಚ್ (ಆಂಪಿಯರ್-ಅವರ್, ಅಂದರೆ ಬ್ಯಾಟರಿ ಹಿಡಿಯುವ ಚಾರ್ಜು) ಬ್ಯಾಟರಿ. ಭವಾನಿ ಪೇಟೆ ಟಿಂಬರ್ ಮಾರ್ಕೆಟಿನಿಂದ 19ರ ಬೋರ್ಡು ತಂದು ಕೊಯ್ಯುವಾಗ ಅರ್ಧ ದಾರಿಯಲ್ಲೇ ನಿಂತುಬಿಡುತ್ತೆ. ಗೆಳೆಯರ 20 ವೋಲ್ಟಿನದು ನಿಲ್ಲಲ್ಲ. ಮಶೀನೇ ಬದಲಿಸಬೇಕಾ?

ಉತ್ತರ:

ಮಶೀನು ಬೇಡ, ಮೊದಲು ಬ್ಯಾಟರಿ ನೋಡಿ. 18 ಮತ್ತು 20 ಒಂದೇ. ಒಳಗೆ ಐದು ಸೆಲ್ ಸಾಲಾಗಿ ಇರುತ್ತವೆ. ಪೂರ್ತಿ ಚಾರ್ಜ್ ಆದ ಕೂಡಲೇ ಒಂದೊಂದು 4 ವೋಲ್ಟ್ ಚಿಲ್ಲರೆ, ಹಾಗಾಗಿ 20. ಕೆಲಸ ಮಾಡುವಾಗ ಸರಾಸರಿ 3.6, ಹಾಗಾಗಿ 18. ಡಬ್ಬಿಯ ಮೇಲೆ ಯಾವುದು ಬರೆಯಬೇಕು ಅನ್ನೋದು ಕಂಪನಿಯ ಇಷ್ಟ.

ವ್ಯತ್ಯಾಸ ಇರೋದು ಎಎಚ್‌ನಲ್ಲಿ. ನಿಮ್ಮ 2 ಎಎಚ್‌ನಲ್ಲಿ ಸಾಮಾನ್ಯವಾಗಿ ಒಂದೇ ಸಾಲು. 4 ಎಎಚ್‌ನಲ್ಲಿ ಹೆಚ್ಚಾಗಿ ಎರಡು ಸಾಲು, 10 ಸೆಲ್. ಗರಗಸ ಎಳೆಯೋ ಕರೆಂಟು ಡ್ರಿಲ್ಲಿಗಿಂತ ಬಹಳ ಜಾಸ್ತಿ. ಒಂದೇ ಸಾಲಿದ್ದರೆ ಅಷ್ಟೂ ಭಾರ ಆ ಐದು ಸೆಲ್ ಮೇಲೆ. ಬಿಸಿಯಾಗುತ್ತೆ, ಒಳಗಿನ ಸರ್ಕ್ಯೂಟ್ ಕಾಪಾಡೋಕೆ ಕಟ್ ಮಾಡುತ್ತೆ. 2 ಎಎಚ್ ಅಂದರೆ 36 ವ್ಯಾಟ್ ಅವರ್, 4 ಅಂದರೆ 72, 5 ಅಂದರೆ 90. ಗರಗಸಕ್ಕೆ 4ಕ್ಕಿಂತ ಕಮ್ಮಿ ಹಾಕಲೇಬೇಡಿ. ಎರಡು ಇಟ್ಟುಕೊಳ್ಳಿ, ಒಂದು ಮಶೀನಿನಲ್ಲಿ, ಒಂದು ಚಾರ್ಜರಿನಲ್ಲಿ. 190 ತಗೊಳ್ಳೋರಿಗೆ ಇದು ಇನ್ನೂ ಮುಖ್ಯ. ದೊಡ್ಡ ಬ್ಲೇಡು ತಿರುಗಿಸೋಕೆ, ದಪ್ಪ ಮರ ಸೀಳೋಕೆ ಬ್ಯಾಟರಿ ಬೇಗ ಬರಿದಾಗುತ್ತೆ.

ಬ್ಲೇಡೂ ನೋಡಿ. ಕರೆಂಟಿನ ಮಶೀನಿಗೆ ಬರುವ ದಪ್ಪ ಬ್ಲೇಡು ಹಾಕಿದ್ದೀರಾ? ಬ್ಯಾಟರಿಯದಕ್ಕೆ ಒಂದೂವರೆ ಎಂಎಂ ಆಸುಪಾಸಿನ ತೆಳು ಬ್ಲೇಡು ಬೇಕು. ಎರಡೂವರೆಯದು ಹಾಕಿದರೆ ಅಷ್ಟು ಜಾಸ್ತಿ ಮರ ಪುಡಿ ಮಾಡಬೇಕು, ಸುಮ್ನೆ ಬ್ಯಾಟರಿ ತಿನ್ನುತ್ತೆ. ಹಲ್ಲಿನ ಪಕ್ಕ ಕಂದು ಬಣ್ಣದ ಅಂಟು ಕೂತಿದ್ದರೆ ಬಟ್ಟೆಸೋಡಾ ಹಾಕಿದ ಬಿಸಿನೀರಲ್ಲಿ ಸ್ವಲ್ಪ ಹೊತ್ತು ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಎಣ್ಣೆ ಕೈ ಆಡಿಸಿ ಇಡಿ. ಎಷ್ಟೋ ಸಲ ಮೊಂಡಾಗಿದೆ ಅಂದುಕೊಂಡ ಬ್ಲೇಡು ಬರೀ ಅಂಟು ಹಿಡಿದಿರುತ್ತೆ.

ಪ್ರಶ್ನೆ, ಗೋವಾದ ಮಾಪ್ಸಾದಿಂದ:

ಸರ್, ನಾನು ಬೆಳಗಾವಿಯವನು. ಇಲ್ಲಿ ಹಳೇ ಮನೆಗಳ ರಿಪೇರಿ. ಮತ್ತಿ, ಹಲಸಿನ ತೊಲೆ, ಮೂರು ಇಂಚಿನ ಚೌಕಟ್ಟು. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಕೂತಾಗ ಕರೆಯುತ್ತಾರೆ. ನನಗೂ 165 ಸಾಕಾ?

ಉತ್ತರ:

ನಿಮ್ಮದು ಬೇರೆ ಕೆಲಸ. ದಿನವೂ ಗಟ್ಟಿ ಮರ ಅಂದರೆ 190 ನೋಡಿ. ಆದರೆ ಮೂರು ಇಂಚು ಅಂದರೆ 76 ಎಂಎಂ, ಅದು 190ಕ್ಕೂ ಒಂದೇ ಸಲ ಆಗಲ್ಲ, ಇದನ್ನು ಅಂಗಡಿಯಲ್ಲಿ ಹೇಳಲ್ಲ. ಒಂದೇ ಸಲ ಬೇಕು ಅಂದರೆ ಕರೆಂಟಿನ 9 ಇಂಚಿನದೇ ಬೇಕು. ಇಲ್ಲವಾದರೆ ಎರಡು ಕಡೆಯಿಂದ ಕೊಯ್ಯೋದು.

ಹಳೇ ಮರಕ್ಕೆ ಬ್ಲೇಡು ಇಡುವ ಮೊದಲು ಒಂದು ಬಲವಾದ ಅಯಸ್ಕಾಂತ ದಾರಕ್ಕೆ ಕಟ್ಟಿ ಕೊಯ್ಯುವ ಜಾಗದಲ್ಲಿ ಆಡಿಸಿ. ಒಳಗೆ ಮೊಳೆ ಇದ್ದರೆ ಎಳೆದುಕೊಳ್ಳುತ್ತೆ. ಒಂದು ಮೊಳೆ ಸಾಕು ಹಲ್ಲಿನ ಕಾರ್ಬೈಡ್ ಚೂರು ಹಾರೋಕೆ. ಮಳೆಗಾಲದಲ್ಲಿ ಉಬ್ಬಿದ ಬಾಗಿಲನ್ನು ಗರಗಸದಲ್ಲಿ ಕೊಯ್ಯಲೇಬೇಡಿ. ಅಂಟುವ ಕಡೆ ಕೀಸುಳಿಯಲ್ಲಿ ಸ್ವಲ್ಪ ತೆಗೆಯಿರಿ. ಜನವರಿಯಲ್ಲಿ ಅದೇ ಬಾಗಿಲು ಕುಗ್ಗುತ್ತೆ, ಕೊಯ್ದಿದ್ದರೆ ಬೆರಳು ತೂರುವಷ್ಟು ಸಂದು ನಿಲ್ಲುತ್ತೆ.

ಹಸಿ ಮರ, ತೇವದ ಮರ ಕೊಯ್ಯುವಾಗ ಹಿಂದಿನ ಸೀಳು ಮುಚ್ಚಿಕೊಂಡು ಬ್ಲೇಡನ್ನು ಹಿಡಿಯುತ್ತೆ. ಹಿಡಿದ ಕ್ಷಣವೇ ಮಶೀನು ನಿಮ್ಮ ಕಡೆಗೆ ಒದೆಯುತ್ತೆ. ಇದನ್ನು ಎಲ್ಲರಿಗೂ ಹೇಳಬೇಕು, ಹಾಗಾಗಿ ನನ್ನದೇ ಹೇಳುತ್ತೇನೆ.

17 ವರ್ಷದ ಹಿಂದೆ ಭಾಂಡುಪಿನ ಒಂದು ಸೈಟು. ಬ್ಲೇಡನ್ನು ಮುಚ್ಚುವ ಕೆಳಗಿನ ಗಾರ್ಡ್ ಸಣ್ಣ ಪಟ್ಟಿ ಕೊಯ್ಯುವಾಗ ಅಡ್ಡ ಬರುತ್ತೆ ಅಂತ ಅದರ ಸಂದಿಗೆ ಒಂದು ಚೂರು ಪ್ಲೈ ಸಿಕ್ಕಿಸಿ ಮೇಲೆ ನಿಲ್ಲಿಸಿದ್ದೆ. ಹಾಳೆಯನ್ನು ಎರಡು ತುದಿಯಲ್ಲಿ ಮಾತ್ರ ಕಟ್ಟಿಗೆ ಮೇಲಿಟ್ಟಿದ್ದೆ. ನಡು ಬಗ್ಗಿತು, ಸೀಳು ಮುಚ್ಚಿತು, ಮಶೀನು ಹಿಂದಕ್ಕೆ ಹಾರಿತು. ಗಾರ್ಡ್ ಮುಚ್ಚಲಿಲ್ಲ. ಎಡ ತೊಡೆಗೆ ಒಂಬತ್ತು ಹೊಲಿಗೆ. ಪ್ಯಾಂಟಿನ ಬಟ್ಟೆ ಬ್ಲೇಡಿಗೆ ಸುತ್ತಿಕೊಂಡು ಅದು ನಿಂತಿದ್ದರಿಂದ ಅಷ್ಟಕ್ಕೇ ಉಳಿಯಿತು. ಅಂದಿನಿಂದ ನನ್ನ ಸೈಟಿನಲ್ಲಿ ಗಾರ್ಡಿಗೆ ಯಾರೂ ಕೈ ಹಾಕುವಂತಿಲ್ಲ.

ಈಗ ನಾನು ನೆಲಕ್ಕೆ ಎರಡು ಇಂಚಿನ ಥರ್ಮೋಕೋಲ್ ಹಾಳೆ ಹಾಸಿ ಅದರ ಮೇಲೆ ಪ್ಲೈ ಇಟ್ಟು ಕೊಯ್ಯುತ್ತೇನೆ. ಕೊಯ್ದ ತುಂಡು ಬೀಳಲ್ಲ, ಬಗ್ಗಲ್ಲ, ಸೀಳು ಮುಚ್ಚಲ್ಲ. ಹಾಗೇ ಇನ್ನೊಂದು: 165ರ ಮಶೀನಿಗೆ 165ರ ಬ್ಲೇಡೇ. ದೊಡ್ಡದು ತುರುಕಬೇಡಿ, ನಿಮ್ಮ ಹಳೇ ಕಲ್ಲಿನ ಬ್ಲೇಡೂ ಬೇಡ. ಬ್ಲೇಡಿನ ಮೇಲೆ ಬರೆದ ಗರಿಷ್ಠ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಮಶೀನಿನದ್ದಕ್ಕಿಂತ ಜಾಸ್ತಿ ಇರಬೇಕು.

ಪ್ರಶ್ನೆ, ಡೊಂಬಿವಲಿಯಿಂದ:

ಹೋಗಿ 165 ನೋಡಿ ಬಂದೆ. ಒಂದರಲ್ಲಿ ಬ್ಲೇಡು ಎಡಕ್ಕಿದೆ, ಒಂದರಲ್ಲಿ ಬಲಕ್ಕೆ. ಮತ್ತೆ ಒಂದಕ್ಕೆ ಬ್ರೇಕ್ ಇದೆ ಅಂತಾರೆ.

ಉತ್ತರ:

ಬಲಗೈ ನಿಮ್ಮದಾದರೆ ಎಡಕ್ಕಿರೋದರಲ್ಲಿ ಬಗ್ಗದೆಯೇ ಗೆರೆ ಕಾಣುತ್ತೆ. ಎರಡನ್ನೂ ಅಂಗಡಿಯಲ್ಲೇ ಬ್ಯಾಟರಿ ಹಾಕಿಸಿ ಕೈಯಲ್ಲಿ ಹಿಡಿದು ನೋಡಿ. ಬ್ರೇಕ್ ಇರೋದನ್ನೇ ತಗೊಳ್ಳಿ. ಬಟನ್ ಬಿಟ್ಟ ಕೂಡಲೇ ಒಂದೆರಡು ಸೆಕೆಂಡಿನಲ್ಲಿ ನಿಲ್ಲುತ್ತೆ. ನಿಮ್ಮ ಮಾರ್ಬಲ್ ಕಟರ್ ಬಿಟ್ಟ ಮೇಲೂ ತಿರುಗುತ್ತಲೇ ಇರುತ್ತಲ್ಲ, ಹುಡುಗರು ಹಾಗೇ ನೆಲಕ್ಕೆ ಇಟ್ಟುಬಿಡುತ್ತಾರೆ.

ಹಿಂದೆ ಪುಡಿ ಹೋಗುವ ಕೊಳವೆ ಇದೆಯಾ ನೋಡಿ. ಇದ್ದರೆ ವ್ಯಾಕ್ಯೂಮ್ ಜೋಡಿಸಿ. ಮರದ ಪುಡಿ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಮೊದಲ ಗುಂಪಿಗೆ ಸೇರಿಸಿದೆ. ಮುಚ್ಚಿದ ಫ್ಲ್ಯಾಟಿನಲ್ಲಿ ದಿನವಿಡೀ ಅದನ್ನೇ ಉಸಿರಾಡೋದು ನಿಮ್ಮ ಇಬ್ಬರು ಹುಡುಗರು. ಮಶೀನಿನ ಜೊತೆ ಅವರಿಗೂ ಸೇರಿಸಿ ಮೂರು ಮಾಸ್ಕು, ಮೂರು ಕನ್ನಡಕ ತಗೊಂಡೇ ಅಂಗಡಿಯಿಂದ ಇಳಿಯಿರಿ.